ದೋಣಿ ಹತ್ತದ ಎಂಜಿನಿಯರ

ಸವದತ್ತಿ ಡ್ಯಾಮಿನ ಹಿನ್ನೀರಿನಲ್ಲಿ ಮೀನಿನ ಗುತ್ತಿಗೆ ಹಿಡಿದವರೊಬ್ಬರ ಬಳಿ ನಾನು ಆರು ವರ್ಷ ಮೋಟಾರು ದೋಣಿ ನಡೆಸಿದೆ. ಬಲೆಗಾರರಿಂದ ಮೀನು ತುಂಬಿಕೊಂಡು, ಬಿಸಿಲು ಏರುವ ಮೊದಲು ದಂಡೆಯ ಐಸ್ ಪೆಟ್ಟಿಗೆಗೆ ಮುಟ್ಟಿಸುವುದು ನನ್ನ ಕೆಲಸ. ಒಂದು ಬೇಸಿಗೆಯಲ್ಲಿ ದೋಣಿಗೆ ಓಟವೇ ಇಲ್ಲದಂತಾಯಿತು. ಲಿವರ್ ಪೂರ್ತಿ ಮುಂದಕ್ಕೆ ತಳ್ಳಿದರೂ, ಐದೂವರೆ ಸಾವಿರ ಮುಟ್ಟುತ್ತಿದ್ದ ಆರ್‌ಪಿಎಂ ಮುಳ್ಳು ಮೂರೂವರೆ ಸಾವಿರದಲ್ಲೇ ನಿಂತುಬಿಡುತ್ತಿತ್ತು. ಮೂತಿ ಎತ್ತಿ ಹಾರುತ್ತಿದ್ದ ದೋಣಿ ಕೆಸರಿನಲ್ಲಿ ಎಮ್ಮೆ ನಡೆದಂತೆ ನಡೆಯತೊಡಗಿತು. ದಂಡೆ ಸೇರುವಷ್ಟರಲ್ಲಿ ಅರ್ಧ ಮೀನು ನಾತ ಹೊಡೆಯುತ್ತಿತ್ತು.

ಮಾಲೀಕರು ಬೆಳಗಾವಿಯಿಂದ ಒಬ್ಬ ಎಂಜಿನಿಯರನನ್ನು ಕರೆಸಿದರು. ಪಾಲಿಶ್ ಹಾಕಿದ ಬೂಟು, ಕಪ್ಪು ಕನ್ನಡಕ. ನೀರಿನಿಂದ ಹತ್ತು ಹೆಜ್ಜೆ ದೂರ ನಿಂತೇ "ಪ್ಲಗ್ ಹೋಗ್ಯಾವು" ಎಂದ. ಬದಲಾಯಿಸಿದೆ. ಏನೂ ಆಗಲಿಲ್ಲ. ಮುಂದಿನ ವಾರ ಬಂದು "ಪೆಟ್ರೋಲಿನ್ಯಾಗ ನೀರ ಕೂಡೇತಿ" ಎಂದ. ಟ್ಯಾಂಕ್ ಖಾಲಿ ಮಾಡಿ ಫಿಲ್ಟರ್ ತೊಳೆದೆ. ಮೂರನೆಯ ಸಲ, ನೀರೊಳಗೆ ತಿರುಗುವ ಫ್ಯಾನನ್ನೇ ಹೊಸದು ತರಿಸಿದ.

"ಸಾಹೇಬ್ರ, ಒಮ್ಮೆ ದೋಣ್ಯಾಗ ಕುಂದರ್ರಿ. ಓಡೂವಾಗ ನೋಡಿದ್ರ ತಿಳೀತೈತಿ," ಎಂದೆ.

"ನೋಡೂದೇನೈತಿ? ಸೌಂಡ್ ಕೇಳೇ ಹೇಳತೇನಿ ನಾ."

ಹಿಂದೊಮ್ಮೆ ದಂಡೆಯಂಚಿಗೆ ಬಂದು ಬೂಟಿಗೆ ಅಲೆ ತಾಗಿದಾಗ ಅವನು ಕರುವಿನಂತೆ ಜಿಗಿದದ್ದನ್ನು ನಾನು ನೋಡಿದ್ದೆ. ನೀರಿಗೆ ಹೆದರುವವನು ದೋಣಿಗೆ ವೈದ್ಯ! ಅಂಥವನ ಎದುರು ಮೂರು ವಾರ ಕೈಕಟ್ಟಿ ನಿಂತಿದ್ದೆನಲ್ಲ ಎಂದು ನನ್ನ ಮೇಲೂ ಹೇಸಿಗೆಯಾಗುತ್ತದೆ.

ಹೊಸ ಫ್ಯಾನಿಗೂ ಮುಳ್ಳು ಜಗ್ಗಲಿಲ್ಲ. ಅಂದು ಮಧ್ಯಾಹ್ನ ರೊಟ್ಟಿ ಬುತ್ತಿ ತಂದ ಹೆಂಡತಿಯನ್ನು ದೋಣಿಗೆ ಹತ್ತಿಸಿಕೊಂಡೆ. ಮೀನಿಲ್ಲದೆ ಇಬ್ಬರೇ ಹೋದರೂ ಅದೇ ಮೂರೂವರೆ ಸಾವಿರ. ಅಂದರೆ ತಪ್ಪು ಭಾರದ್ದಲ್ಲ. ಎಂಜಿನ್ ಆರಿಸಿ, ಮುಚ್ಚಳ ತೆಗೆದು, ಅವಳನ್ನು ಲಿವರಿನ ಹತ್ತಿರ ಕೂಡಿಸಿದೆ.

"ಪೂರಾ ಮುಂದ ದಬ್ಬು."

"ದಬ್ಬೇನ್ರಿ. ಇನ್ನೆಷ್ಟ ದಬ್ಬಲಿ, ನೀರಾಗ ಬೀಳಲೇನು?"

ಲಿವರ್ ಕೊನೆ ಮುಟ್ಟಿತ್ತು. ಆದರೆ ಕಾರ್ಬ್ಯುರೇಟರಿನ ಗಾಳಿಯ ಬಾಗಿಲು ಅರ್ಧವೇ ತೆರೆದಿತ್ತು. ಬೆರಳಿನಿಂದ ಒತ್ತಿದೆ, ಪೂರ್ತಿ ತೆರೆಯಿತು. ಲಿವರಿನಿಂದ ಆ ಬಾಗಿಲಿಗೆ ಬರುವ ಎಕ್ಸಲರೇಟರ್ ಕೇಬಲ್ ಹಿಡಿದಿಡುವ ಸ್ಕ್ರೂ ಸಡಿಲಾಗಿ ಕೇಬಲ್ ಜಾರಿತ್ತು, ಅಷ್ಟೇ. ಎಳೆದು ಬಿಗಿದೆ. ಹಟಕ್ಕೆ ಬಿದ್ದು ಹಳೆಯ ಫ್ಯಾನನ್ನೇ ಮತ್ತೆ ಹಾಕಿದೆ. ದೋಣಿ ಮೂತಿ ಎತ್ತಿತು. ಹೆಂಡತಿ ಸೆರಗು ಹಿಡಿದುಕೊಂಡು "ಸಾವಕಾಶ ಹೋಗ್ರಿ!" ಎಂದು ಚೀರಿದಳು.

ಮರುದಿನ ಬಂದ ಎಂಜಿನಿಯರ ಸಂಗತಿ ಕೇಳಿಯೂ ನಾಚಲಿಲ್ಲ. "ನಾ ಮೊದಲ ಹೇಳಿದ್ನೆಲ್ಲ, ಕೇಬಲ್ ನೋಡ್ರಿ ಅಂತ," ಎಂದ. ಮೂರು ಸಲವೂ ಪಕ್ಕದಲ್ಲೇ ನಿಂತಿದ್ದ ಮಾಲೀಕರು ಹೌದೆಂದು ತಲೆಯಾಡಿಸಿದರು!

ನಾನು ಮಾಲೀಕರನ್ನು ದೋಣಿಗೆ ಹತ್ತಿಸಿ, ಅವರೆದುರೇ ಸ್ಕ್ರೂ ಸಡಿಲಿಸಿ ಓಡಿಸಿದೆ; ದೋಣಿ ತೆವಳಿತು. ಬಿಗಿದು ಓಡಿಸಿದೆ, ಹಾರಿತು. ಎಂಜಿನಿಯರ ದಂಡೆಯಿಂದಲೇ ನೋಡುತ್ತಿದ್ದ. ಇಳಿದ ಮಾಲೀಕರು ಮುಖದ ನೀರು ಒರೆಸಿಕೊಳ್ಳುತ್ತ ಮೆಲ್ಲಗೆ ಹೇಳಿದರು: "ಆತು ಬಿಡು, ತಿಳೀತು. ಆದ್ರ ಕಲತವ್ರ ಮುಂದ ಹಿಂಗ ಮಾಡಬಾರದಿತ್ತು ನೀ."

ಆ ಗುತ್ತಿಗೆ ಮುಗಿಯುತ್ತಲೇ ಕೆಲಸ ಬಿಟ್ಟು, ಹತ್ತಿರದ ಉಗರಗೋಳದಲ್ಲಿ ಪಂಪ್‌ಸೆಟ್ ರಿಪೇರಿಗೆ ಕುಳಿತೆ.