ಕಬ್ಬಿಣದ ಏಳನೆಯ ಪೈಪು

ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿಯಾದ ವರ್ಷವೇ ಬೋರ್‌ವೆಲ್ಲಿನ ಮೋಟಾರು ಸುಟ್ಟುಹೋಯಿತು. ರಿಪೇರಿಗೆ ಬಂದ ಮಿಸ್ತ್ರಿ ಕಲಬುರಗಿ ಕಡೆಯವರು, ಈಗ ಮನೆ ನವಿ ಮುಂಬಯಿಯ ತುರ್ಭೆಯಲ್ಲಿ. ಜೊತೆಗೆ ಅವರ ತಮ್ಮ. ಬೋರಿನ ಬಾಯಿಗೆ ಟಾರ್ಚ್ ಹಿಡಿದು ನೋಡಿದ ಮಿಸ್ತ್ರಿ ತಲೆಯಾಡಿಸಿದರು.

"ಅಕ್ಕಾರ, ಮೋಟಾರ್ ಅಷ್ಟ ಅಲ್ರಿ, ಪೈಪೂ ಬದಲಿ ಮಾಡಬೇಕು. ಕಬ್ಬಿಣ ಪೂರಾ ಜಂಗ್ ಹಿಡದದ. ಇದನ್ನ ಎತ್ತಲಿಕ್ಕ ಇನ್ನೂ ಇಬ್ಬರು ಬೇಕು. ನಾಳೆ ಕರಕೊಂಡು ಬರ್ತೀನಿ."

"ನಾಳೆ ಆಗುದಿಲ್ಲ ಮಾರಾಯ್ರೆ, ಮನೆಗಳಲ್ಲಿ ಹನಿ ನೀರಿಲ್ಲ. ಇವತ್ತೇ ಎತ್ತಿ. ಪೈಪು ಅದೇ ಸಾಕು," ಎಂದೆ. ಹೊಸ ಪೈಪೆಂದರೆ ಖರ್ಚಿಗೆ ಮತ್ತೆ ಸೊಸೈಟಿಯ ಮೀಟಿಂಗ್, ಮತ್ತೆ ವಾದ. ಅದು ನನಗೆ ಬೇಡವಾಗಿತ್ತು.

ಮಿಸ್ತ್ರಿ ಒಪ್ಪಿ ಕೆಲಸಕ್ಕಿಳಿದರು. ಪೈಪುಗಳ ಕೊನೆಯಲ್ಲಿ, ಬೋರಿನ ಆಳದಲ್ಲಿದ್ದ ಮೋಟಾರಿಗೆ ಕಟ್ಟಿದ್ದ ನೈಲಾನ್ ಹಗ್ಗವನ್ನು ತಮ್ಮನ ಕೈಗೆ ಕೊಟ್ಟು, ಪೈಪು ಮೇಲೇರಿದಷ್ಟೂ ಅದನ್ನು ಪಕ್ಕದ ಕಂಬಕ್ಕೆ ಬಿಗಿಯಾಗಿ ಸುತ್ತುತ್ತಿರು ಎಂದರು. ಚೈನ್ ರಾಟೆಯಲ್ಲಿ ಒಂದೊಂದೇ ಪೈಪು ಮೇಲೆ ಬಂತು. ಆರು ಬಿಚ್ಚಿದರು. ಏಳನೆಯದು ಬೋರಿನಿಂದ ಪೂರ್ತಿ ಮೇಲೆ ಬಂದಾಗ, ಉಳಿದವು ಜಾರದಂತೆ ಅದರ ಕೆಳಗಿನ ಪೈಪಿಗೆ ಮಿಸ್ತ್ರಿ ಕುಕ್ಕರಗಾಲಲ್ಲಿ ಕೂತು ಕ್ಲ್ಯಾಂಪ್ ಬಿಗಿಯುತ್ತಿದ್ದರು.

ಟಪ್ ಎಂದಿತು. ಏಳನೆಯ ಪೈಪಿನ ಕೆಳಗಿನ ಜಾಯಿಂಟ್ ಮುರಿದಿತ್ತು. ಕೆಳಗಿನ ಭಾರವೆಲ್ಲ ಒಮ್ಮೆಲೇ ಕುಸಿಯಿತು. ಕ್ಲ್ಯಾಂಪಿಗೂ ಬೋರಿನ ಕಬ್ಬಿಣದ ಅಂಚಿಗೂ ನಡುವೆ ಅವರ ಎರಡೂ ಕೈ. ನಾನು ಕಣ್ಣು ಮುಚ್ಚಿಕೊಂಡೆ.

"ಅಣ್ಣಾ, ಕೈ ತಗೀ!" ತಮ್ಮ ಅರಚಿದ.

ಕಣ್ಣು ಬಿಟ್ಟೆ. ಹಗ್ಗ ಕಂಬಕ್ಕೆ ಕಚ್ಚಿಕೊಂಡು ಕಿರ್ರೆನ್ನುತ್ತಿತ್ತು. ಕ್ಲ್ಯಾಂಪು ಅಂಚಿಗಿಂತ ಎರಡು ಬೆರಳು ಮೇಲೆ ನಿಂತಿತ್ತು. ಮಿಸ್ತ್ರಿ ಮೆಲ್ಲಗೆ ಕೈ ಎಳೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದರು. ಗೆಣ್ಣಿನ ಮೇಲೆ ತರಚಿತ್ತು, ಅಷ್ಟೇ. ಅಲ್ಲೇ ಮೆಟ್ಟಿಲ ಮೇಲೆ ಕೂತೆ.

"ಇದೆಲ್ಲ ನನ್ನಿಂದಲೇ ಆಯ್ತು," ಎಂದೆ.

"ನೀರು ಕುಡೀರಿ ಮೊದಲ," ಎಂದರು ಅವರು.

ಹೆಚ್ಚು ಕೂಲಿ ಕೊಡುವುದಾಗಿ ಹೇಳಿ ಅವತ್ತೇ ಇನ್ನಿಬ್ಬರನ್ನು ಕರೆಸಿದೆ; ಅವರು ಬಂದು ಉಳಿದದ್ದನ್ನು ಎತ್ತಿದರು. ಮರುದಿನ ಪಕ್ಕದ ಕಲ್ಯಾಣದ ಪೈಪಿನ ಅಂಗಡಿಗೆ ಮಿಸ್ತ್ರಿಯನ್ನೂ ಕರೆದುಕೊಂಡು ಹೋದೆ. ಅಂಗಡಿಯವ ತೆಳು ಪ್ಲಾಸ್ಟಿಕ್ ಪೈಪು ತೋರಿಸಿ, "ಸಬ್ ಯಹೀ ಲೇತೇ ಹೈಂ," ಎಂದ, ಎಲ್ಲರೂ ಒಯ್ಯುವುದು ಇದನ್ನೇ ಎಂಬಂತೆ.

ನಾನು ಮಿಸ್ತ್ರಿಯತ್ತ ತಿರುಗಿದೆ. "ಯಾವ ಪೈಪಿನ ಕೆಳಗೆ ನೀವು ಧೈರ್ಯವಾಗಿ ಕೈ ಇಡ್ತೀರಿ, ಅದನ್ನೇ ಹೇಳಿ."

ಅವರು ಪೈಪುಗಳ ತುದಿ ತಡವುತ್ತಾ ಹೋಗಿ, ದಪ್ಪ ಗೋಡೆಯ, ತುದಿಗೆ ಚೌಕ ತಿರುಪು ಕೊರೆದ, ಬೋರಿಗೆಂದೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಕಾಲಂ ಪೈಪಿನ ಹತ್ತಿರ ನಿಂತರು. "ಇದು ಜಂಗ್ ಹಿಡಿಯಂಗಿಲ್ಲ, ಭಾರನೂ ತಡೀತದ. ಆದ್ರ ರೊಕ್ಕ ಜಾಸ್ತಿ, ನಿಮ್ಮ ಮೀಟಿಂಗು?"

"ಅಲ್ಲಿ ಬೈಸಿಕೊಳ್ಳುವುದು ನಾನು."

ಬೈಸಿಕೊಂಡೆ. ರಿಪೇರಿಯಾದ ಮೋಟಾರಿನೊಂದಿಗೆ ಹೊಸ ಪೈಪು ಇಳಿಸುವ ದಿನ ನಾಲ್ಕು ಜನರಿದ್ದರೂ ಹತ್ತಿರ ನಿಲ್ಲಲು ನನಗಾಗಲಿಲ್ಲ. ಎರಡನೇ ಮಹಡಿಯ ಕಿಟಕಿಯಿಂದ ನೋಡಿದೆ. ಪ್ರತಿ ಸಲ ಮಿಸ್ತ್ರಿ ಕ್ಲ್ಯಾಂಪಿಗೆ ಕೈ ಹಾಕಿದಾಗಲೂ ನನ್ನ ಬೆರಳುಗಳು ತಾವಾಗಿ ಮುಷ್ಟಿಯಾಗುತ್ತಿದ್ದವು. ಸಂಜೆ ನೀರು ಬಂತು, ಮೊದಲು ಕೆಂಪಗೆ, ಆಮೇಲೆ ತಿಳಿಯಾಗಿ. ಅಕ್ಕಪಕ್ಕದವರು ಚಪ್ಪಾಳೆ ತಟ್ಟಿದರು. ನನ್ನ ಮುಷ್ಟಿ ಬಿಚ್ಚಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.