ಮುಚ್ಚಿದ ಬಾಯಿಯ ಹಾವುಮೀನು

ಬಾಯಿ ಮುಚ್ಚಲು ಬಾರದವರು ಯಾರು ಎಂದರೆ ನೀವೆಲ್ಲ ನನ್ನ ಕಡೆಗೇ ಬೆರಳು ತೋರಿಸುತ್ತೀರಿ, ಅಲ್ಲವೇ? ತಡೆಯಿರಿ, ಆಳ ಸಮುದ್ರದ ಕತ್ತಲಲ್ಲಿ ನನ್ನಂಥದೇ ಒಂದು ಹಾವುಮೀನಿನ ಕುಲವಿದೆ. ಮೈ ದಾರದಷ್ಟು ಸಣ್ಣ, ಬಾಯಿ ಹಕ್ಕಿಯ ಕೊಕ್ಕಿನಂತೆ ಉದ್ದ. ದವಡೆಗಳ ತುದಿ ಒಂದು ಮೇಲಕ್ಕೆ, ಒಂದು ಕೆಳಕ್ಕೆ ಬಾಗಿ, ಎಂದೂ ಕೂಡುವುದಿಲ್ಲ. ಮೊನ್ನೆ ಮೊಮ್ಮಗಳು ಫೋನಿನಲ್ಲಿ ಟೈಪು ಮಾಡಲು ಕಲಿಸುವಾಗ ಅದರ ಚಿತ್ರ ಎದುರಿಗೆ ಬಂತು. ಈ ಮೀನು ನನಗೆ ಹಳೆಯ ಪರಿಚಯ...

ಎಪ್ಪತ್ತರ ದಶಕ, ನಾನು ಪುಣೆಗೆ ಬಂದ ಹೊಸ ಸೊಸೆ. ನಾವಿದ್ದ ವಾಡೆಯಲ್ಲಿ, ಅಂದರೆ ಹತ್ತಾರು ಸಂಸಾರಗಳ ಹಳೆಯ ವಠಾರದಲ್ಲಿ, ಎದುರಿನ ಖೋಲಿಯಲ್ಲಿ ನಮ್ಮ ಧಾರವಾಡದ ಕಡೆಯ ಚಿತ್ರದ ಮಾಸ್ತರರಿದ್ದರು, ನನ್ನ ಅಜ್ಜನ ವಯಸ್ಸಿನವರು. ಕಾಲೇಜಿಗೆ ಪ್ರಾಣಿಗಳ ದೊಡ್ಡ ಪಟ ಬರೆದುಕೊಟ್ಟು ಬದುಕುತ್ತಿದ್ದರು. ಕಣ್ಣಿಗೆ ಪೊರೆ ಬಂದು ಸಣ್ಣದೇನೂ ಕಾಣುತ್ತಿರಲಿಲ್ಲ. ಅದು ಗೊತ್ತಾದರೆ ಕೆಲಸ ಹೋದಂತೆಯೇ. ಹಾಗಾಗಿ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ನಾನು ಗುಟ್ಟಾಗಿ ಹೋಗಿ, ಕಾಲೇಜಿನವರು ಕಳಿಸಿದ ಪ್ರಾಣಿಯನ್ನು ನೋಡಿ ಕಂಡದ್ದನ್ನು ಹೇಳುತ್ತಿದ್ದೆ, ಅವರು ಬರೆಯುತ್ತಿದ್ದರು. ಚಿಟ್ಟೆ, ಮಿಡತೆ, ಕಪ್ಪೆ... ನನ್ನನ್ನು ಬಿಟ್ಟರೆ ಅವರ ಖೋಲಿಗೆ ಬಂದು ಮಾತಾಡುವವರೇ ಇರಲಿಲ್ಲ.

ಆಮೇಲೆ ಹೊಸ ಪ್ರೊಫೆಸರರು ಬಂದರು. ಅವರಿಗೆ ಮಾಸ್ತರರ ಕಣ್ಣಿನ ಬಗ್ಗೆ ಅನುಮಾನ ಬಂದಿರಬೇಕು. ಗಾಜಿನ ಬರಣಿಯಲ್ಲಿ ಈ ಹಾವುಮೀನನ್ನು ಕಳಿಸಿ, ಪಟ ನೋಡಲು ನಾಡಿದ್ದು ತಾವೇ ಬರುವುದಾಗಿ ತಿಳಿಸಿದರು.

ನಮ್ಮದು ಮೀನು ಮುಟ್ಟದ ಮನೆತನ. ಔಷಧದ ಘಾಟಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಬಿಳಿಚಿದ ಆ ಸುರುಳಿ ಕಂಡದ್ದೇ ಕಣ್ಣು ಮುಚ್ಚಿಬಿಟ್ಟೆ.

"ಬಾಯಿ ಹ್ಯಾಂಗದ ನೋಡವಾ. ತೆರದದೋ, ಮುಚ್ಚೇದೋ?"

"ಮುಚ್ಚೇದ್ರಿ."

"ಬರೋಬ್ಬರಿ ನೋಡಿದೇನು?"

"ಹೌದ್ರಿ ಮಾಸ್ತರ, ನೋಡೇನ್ರಿ!"

ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಇನ್ನೊಮ್ಮೆ ನೋಡೋಣವೆಂದು ಅವರ ಹೊಸ್ತಿಲವರೆಗೆ ಮೂರು ಸಲ ಹೋದೆ, ಮೂರೂ ಸಲ ತಿರುಗಿ ಬಂದೆ. ಒಳಗೆ ಪಟದ ಬಣ್ಣ ಒಣಗುತ್ತಿತ್ತು...

ಪ್ರೊಫೆಸರರು ಬಂದು ಪಟದ ಮುಂದೆ ಬಹಳ ಹೊತ್ತು ನಿಂತರು. "ಈ ಮೀನಿನ ಬಾಯಿ ಮುಚ್ಚುವುದೇ ಇಲ್ಲ, ಮಾಸ್ತರ. ಬರಣಿಯನ್ನು ನೋಡಿದವರು ಯಾರು?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ನಾನೇ" ಎಂದರು ಮಾಸ್ತರರು. ಕಾಲೇಜಿನ ಕೆಲಸ ಅಂದಿಗೇ ಮುಗಿಯಿತು.

ಮಾಸ್ತರರು ತೀರಿಹೋಗಿ ಎಷ್ಟೋ ವರ್ಷಗಳಾದವು. ಈಗ ಫೋನಿನ ಚಿತ್ರವನ್ನು ಎರಡು ಬೆರಳಿನಿಂದ ಅಗಲಿಸಿ, ಆ ಬಾಯಿಯನ್ನು ಬರೋಬ್ಬರಿ ನೋಡುತ್ತೇನೆ. ನೋಡಿದ್ದನ್ನು ಯಾರಿಗೆ ಹೇಳಲಿ?

ಪ್ರೊಫೆಸರರು ಬಂದುಹೋದ ದಿನ ಸಂಜೆಯೇ ಮಾಸ್ತರರ ಹತ್ತಿರ ಅಳುತ್ತ ಹೋಗಿ ತಪ್ಪೊಪ್ಪಿಕೊಂಡಿದ್ದೆ. ನಾನು ನೋಡಿಲ್ಲವೆಂದು ಅವರಿಗೆ ನಾನು ಸುಳ್ಳು ಹೇಳಿದಾಗಲೇ ತಿಳಿದಿತ್ತಂತೆ! ನನಗೆ ಸಿಟ್ಟು ಬಂತು. "ಮತ್ತ ಇನ್ನೊಮ್ಮೆ ನೋಡು ಅಂತ ಯಾಕ ಹೇಳಲಿಲ್ರಿ?" ಎಂದು ಅವರ ಮೇಲೆಯೇ ರೇಗಿದೆ.

"ಹೇಳಿದ್ರ ಮರುದಿನ ಬರತಿದ್ದೇನು ನೀ?" ಅಂದರು.