ದೋಣಿಯವರ ಮಗ್ಗಿ

ನೈಲ್ ನದಿಯ ಅಣೆಕಟ್ಟು ನಮ್ಮ ನೂಬಿಯಾದ ಊರುಗಳನ್ನೆಲ್ಲ ಮುಳುಗಿಸಿದ ಮೇಲೆ, ನಮ್ಮನ್ನು ತಂದಿಳಿಸಿದ ಕೋಮ್ ಒಂಬೊ ಮರಳು ಬಯಲಿನ ಹೊಸ ಶಾಲೆಯಲ್ಲಿ ನಾನೂ ಮೇಷ್ಟ್ರಾಗಿದ್ದೆ; ನನ್ನ ಪಕ್ಕದ ತರಗತಿ ಜುಬಾರಾ ಮೇಷ್ಟ್ರದು. ಅವರು ಪಾಠ ಹೇಳಿದ್ದನ್ನು ನಾನು ಕೇಳಿಯೇ ಇಲ್ಲ, ಹಾಡಿದ್ದನ್ನಷ್ಟೇ ಕೇಳಿದ್ದು. ಅಕ್ಷರಕ್ಕೆ ಏತದವರ ರಾಗ, ಕೂಡುವ ಲೆಕ್ಕಕ್ಕೆ ಖರ್ಜೂರ ಕೊಯ್ಯುವವರ ರಾಗ. ಗದ್ದಲ ಮಾಡಿದವರಿಗೆ ಬೈಗುಳವೂ ತಮಟೆಯ ತಾಳಕ್ಕೇ. ತಮಟೆ ಕೈಗೆ ಸಿಗದಿದ್ದರೆ ಮೇಜು, ಮೇಜು ದೂರವಿದ್ದರೆ ಹತ್ತಿರದವನ ಬೆನ್ನು. ತನಿಖೆಗೆ ಬಂದ ಸಾಹೇಬರು, “ಇದೇನ್ರೀ, ಶಾಲೆನೋ ಮದುವೆ ಮನೆನೋ?” ಎಂದು ರೇಗಿದರೆ, “ಮದುವೆ ಮನೇಲಿ ಯಾರೂ ತೂಕಡಿಸಲ್ಲ ಸಾಹೇಬ್ರೇ, ಬನ್ನಿ, ಕೂತ್ಕೊಳ್ಳಿ” ಎಂದರು ಮೇಷ್ಟ್ರು. ಏಳರ ಮಗ್ಗಿಯನ್ನು ಮಾತ್ರ ದೋಣಿಯವರ ರಾಗದಲ್ಲೇ ಹಾಡಬೇಕು; ಪ್ರತಿ ಸಾಲಿನ ಕೊನೆಗೆ, ಹುಟ್ಟು ಎಳೆಯುವಷ್ಟು ಹೊತ್ತು ದನಿ ನಿಲ್ಲಬೇಕು. ಒಮ್ಮೆ ನಬ್ರಾ ಎಂಬ ಪುಟ್ಟ ಹುಡುಗಿ, “ಇಲ್ಲಿ ಯಾಕೆ ನಿಲ್ಲಿಸ್ಬೇಕು ಮೇಷ್ಟ್ರೇ?” ಎಂದಳು. ಅವರು ಮತ್ತೊಮ್ಮೆ ಹಾಡಿಸಿದರು. ಈ ಮರಳಲ್ಲೇ ಹುಟ್ಟಿ, ದೋಣಿಯನ್ನೇ ಹತ್ತದ ನಲವತ್ತು ಮಕ್ಕಳು ದನಿ ನಿಂತಲ್ಲೆಲ್ಲ ಒಟ್ಟಿಗೆ ಹಿಂದಕ್ಕೆ ವಾಲಿದರು. ಮೇಷ್ಟ್ರ ಕೈ ತಾಳ ಮರೆಯಿತು. “ಎಳೀರಿ ಮಕ್ಕಳೇ,” ಎಂದರು ಮೆಲ್ಲಗೆ, “ಇನ್ನೊಂಚೂರು ಎಳೀರಿ. ಊರು ಹತ್ರ ಬಂತು.”